ಮದ್ದು ತಟ್ಟುವುದು ಏರಿಗೋ, ತೂಬಿಗೋ?

ಓದುಗರ ಪ್ರಶ್ನೆ, ತಜ್ಞರ ಉತ್ತರ. ಈ ಕಂತಿನ ವಿಷಯ: ಅರಿವಳಿಕೆ

ಪ್ರಶ್ನೆ: ಅರಿವಳಿಕೆ ಮದ್ದು ನರಕೋಶದ ಪೊರೆಯ ಕೊಬ್ಬಿನಲ್ಲಿ ಕರಗಿ ಎಚ್ಚರ ತಪ್ಪಿಸುತ್ತದೆ ಎಂದು ಅಣ್ಣನ ಹಳೆಯ ನೋಟ್ಸಿನಲ್ಲಿದೆ. ನಮ್ಮ ಈಗಿನ ಪುಸ್ತಕ ಕೊಬ್ಬಿನ ಸುದ್ದಿಯನ್ನೇ ಎತ್ತದೆ ಗ್ರಾಹಕ ಪ್ರೋಟೀನ್ ಅನ್ನುತ್ತದೆ. ಯಾವುದು ಸರಿ?
— ನರ್ಸಿಂಗ್ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಪರೀಕ್ಷೆಯಲ್ಲಿ ಈಗಿನ ಪುಸ್ತಕದ್ದನ್ನೇ ಬರೆಯಿರಿ. ಆದರೆ ಅಣ್ಣನ ನೋಟ್ಸನ್ನು ರದ್ದಿಗೆ ಹಾಕಬೇಡಿ. ಎಂಬತ್ತು ವರ್ಷ ಮೆರೆದ ವಾದ ಅದು, ಅದರ ಲೆಕ್ಕ ಇವತ್ತಿಗೂ ತಾಳೆಯಾಗುತ್ತದೆ. ತಪ್ಪಿದ್ದು ಲೆಕ್ಕದಿಂದ ಹೊರಡಿಸಿದ ತೀರ್ಮಾನ.

ಪೊರೆಯನ್ನು ಕೆರೆಯ ಏರಿ ಎಂದುಕೊಳ್ಳಿ. ಎರಡು ಪದರ ಲಿಪಿಡ್, ದಪ್ಪ 4ರಿಂದ 5 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಸುಮಾರು ಎರಡು ಲಕ್ಷದಲ್ಲೊಂದು ಪಾಲು. ಏರಿ ನೀರು ತಡೆದಂತೆ ಈ ಕೊಬ್ಬು ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಅಯಾನುಗಳನ್ನು ತಡೆದು ನಿಲ್ಲಿಸುತ್ತದೆ. ಏರಿಯಲ್ಲಿ ತೂಬು ಇಟ್ಟಂತೆ ಕೊಬ್ಬಿನ ನಡುವೆ ಪ್ರೋಟೀನಿನ ಚಾನೆಲ್‌ಗಳು ಹೂತಿರುತ್ತವೆ. ಯಾವ ಅಯಾನು ಯಾವಾಗ ದಾಟಬೇಕೆಂಬುದು ಈ ತೂಬುಗಳ ಕೈಯಲ್ಲಿದೆ. ಸುಮ್ಮನಿರುವ ನರಕೋಶದ ಒಳಭಾಗ ಹೊರಗಿಗಿಂತ 70 ಮಿಲಿವೋಲ್ಟ್‌ನಷ್ಟು ಋಣವಾಗಿರುತ್ತದೆ. ಆ ಋಣ ಇಳಿದು 55ರ ಆಸುಪಾಸಿಗೆ ಬಂದರೆ ಸೋಡಿಯಂ ತೂಬುಗಳು ಒಮ್ಮೆಲೇ ತೆರೆದು ಮಿಡಿತ, ಅಂದರೆ ನರದ ವಿದ್ಯುತ್ ಸಂಕೇತ, ಹೊರಡುತ್ತದೆ. ಇಡೀ ಜಗಳ ಇಷ್ಟೇ: ಮದ್ದು ಏರಿಯ ಮಣ್ಣನ್ನು ಮೆತ್ತಗೆ ಮಾಡುತ್ತದೋ, ನೇರ ತೂಬಿಗೇ ಕೈ ಹಾಕುತ್ತದೋ?

ಏರಿಯ ಪಕ್ಷ ಹಿಡಿದವರು ಇಬ್ಬರು. 1899ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಹ್ಯಾನ್ಸ್ ಹೋರ್ಸ್ಟ್ ಮೇಯರ್, 1901ರಲ್ಲಿ ಚಾರ್ಲ್ಸ್ ಅರ್ನೆಸ್ಟ್ ಓವರ್ಟನ್ ಬೇರೆಬೇರೆಯಾಗಿ ಕೆಲಸ ಮಾಡಿ ಒಂದೇ ಕಡೆ ಬಂದು ಮುಟ್ಟಿದರು. ಓವರ್ಟನ್ ಮದ್ದು ಬೆರೆಸಿದ ನೀರಿಗೆ ಗೊದಮೊಟ್ಟೆಗಳನ್ನು ಬಿಟ್ಟು, ಎಷ್ಟು ಬೆರೆಸಿದರೆ ಈಜು ನಿಲ್ಲುತ್ತದೆ ಎಂದು ನೋಡಿದರು. ಅದೇ ಮದ್ದು ನೀರು ಮತ್ತು ಆಲಿವ್ ಎಣ್ಣೆಯ ನಡುವೆ ಹೇಗೆ ಹಂಚಿಹೋಗುತ್ತದೆ ಎಂದೂ ಅಳೆದರು. ಎಣ್ಣೆಯ ಕಡೆ ಹೆಚ್ಚು ವಾಲುವ ಮದ್ದು ಕಡಿಮೆ ಪ್ರಮಾಣದಲ್ಲೇ ಗೊದಮೊಟ್ಟೆಯನ್ನು ಮಲಗಿಸುತ್ತಿತ್ತು.

ಅರಿವಳಿಕೆಯ ಅನಿಲಗಳಿಗೂ ಇದನ್ನು ನೀವೇ ಗುಣಿಸಿ ನೋಡಬಹುದು. ಅರಿವಳಿಕೆಯವರು ‘ಮ್ಯಾಕ್’ ಎಂಬ ಅಳತೆ ಬಳಸುತ್ತಾರೆ: ಚರ್ಮ ಕೊಯ್ದಾಗ ಅರ್ಧದಷ್ಟು ರೋಗಿಗಳು ಅಲುಗಾಡದಿರಲು ಶ್ವಾಸಕೋಶದ ಗಾಳಿಯಲ್ಲಿ ಇರಬೇಕಾದ ಮದ್ದಿನ ಪಾಲು. ಇದನ್ನು ಆ ಮದ್ದಿನ ಎಣ್ಣೆ-ಅನಿಲ ಅನುಪಾತದಿಂದ (ಮದ್ದು ಗಾಳಿಗಿಂತ ಎಣ್ಣೆಯಲ್ಲಿ ಎಷ್ಟು ಪಟ್ಟು ಸೇರುತ್ತದೆ ಎಂಬ ಲೆಕ್ಕ) ಗುಣಿಸಬೇಕು. ಹ್ಯಾಲೋಥೇನ್: ಶೇ 0.75 ಮತ್ತು 224, ಗುಣಲಬ್ಧ 1.68. ಈಥರ್: ಶೇ 1.92 ಮತ್ತು 65, ಬರುವುದು 1.25. ಡೆಸ್‌ಫ್ಲೂರೇನ್: ಶೇ 6 ಮತ್ತು 19, ಬರುವುದು 1.14. ನಗೆ ಅನಿಲ, ಅಂದರೆ ನೈಟ್ರಸ್ ಆಕ್ಸೈಡ್: ಶೇ 104 ಮತ್ತು 1.4, ಬರುವುದು 1.46. ಮದ್ದಿನ ಬಲದಲ್ಲಿ ನೂರು ಪಟ್ಟಿಗೂ ಮಿಕ್ಕ ಅಂತರವಿದ್ದರೂ ಗುಣಲಬ್ಧ ಒಂದೂಕಾಲು, ಒಂದೂವರೆಯ ಸುತ್ತಲೇ ಸುಳಿಯುತ್ತದೆ. (ಶೇ 104 ಎಂಬುದು ಅಚ್ಚಿನ ದೋಷವಲ್ಲ. ಸಾಮಾನ್ಯ ವಾಯುಒತ್ತಡದಲ್ಲಿ ನಗೆ ಅನಿಲವೊಂದರಿಂದಲೇ ಪೂರ್ತಿ ಅರಿವಳಿಕೆ ಕೊಡಲಾಗದು ಎಂಬುದೇ ಅದರ ಅರ್ಥ.) ಇಷ್ಟು ಚೊಕ್ಕ ಲೆಕ್ಕ ಕಣ್ಣೆದುರಿಗಿರುವಾಗ ಮದ್ದು ಕೊಬ್ಬಿನಲ್ಲೇ ಕೆಲಸ ಮಾಡುತ್ತದೆ ಎಂದು ಯಾರಾದರೂ ಹೇಳಿಯಾರು.

ಏರಿಯ ವಾದಕ್ಕೆ ಬಿರುಕು ಬಿದ್ದದ್ದು ಮೂರು ಕಡೆ. ಮೊದಲನೆಯದು ಜ್ವರ. ಆಪರೇಷನ್‌ಗೆ ಬೇಕಾಗುವಷ್ಟು ಮದ್ದು ಪೊರೆಯನ್ನು ಎಷ್ಟು ಸಡಿಲಿಸುತ್ತದೋ, ಮೈಯ ಉಷ್ಣತೆ ಒಂದು ಡಿಗ್ರಿ ಏರಿದರೂ ಹೆಚ್ಚುಕಡಿಮೆ ಅಷ್ಟೇ ಸಡಿಲುತ್ತದೆ. ಸಣ್ಣ ಜ್ವರ ಬಂದವರು ಪ್ರಜ್ಞೆ ತಪ್ಪಿ ಬೀಳುವುದಿಲ್ಲವಲ್ಲ. ಎರಡನೆಯದು ಆಲ್ಕೊಹಾಲ್ ಸರಪಳಿ. ಇಂಗಾಲದ ಪರಮಾಣುಗಳನ್ನು ಪೋಣಿಸುತ್ತ ಹೋದಂತೆ ಆಲ್ಕೊಹಾಲುಗಳು ಎಣ್ಣೆಯಲ್ಲಿ ಹೆಚ್ಚು ಹೆಚ್ಚು ಕರಗುತ್ತವೆ, ಅರಿವಳಿಕೆಯ ಬಲವೂ ಏರುತ್ತದೆ. ಆದರೆ ಸರಪಳಿ ಸುಮಾರು 12-13 ಇಂಗಾಲ ದಾಟಿತೋ, ಬಲ ಥಟ್ಟನೆ ಸತ್ತುಹೋಗುತ್ತದೆ. ಕೊಬ್ಬಿನಲ್ಲಿ ಕರಗುವುದು ಮಾತ್ರ ನಿಂತಿಲ್ಲ. ಇದು ಎಣ್ಣೆಯ ಗುಣವಲ್ಲ, ಅಳತೆ ಮೀರಿದ ಅಣುವಿಗೆ ಜಾಗ ಸಾಲದ ಗೂಡಿನ ಗುಣ. ಮೂರನೆಯದು ಎಡಗೈ-ಬಲಗೈ ಅಣುಗಳು. ಎಟೊಮಿಡೇಟ್ ಎಂಬ ಅರಿವಳಿಕೆ ಮದ್ದು ಕನ್ನಡಿಯ ಬಿಂಬದಂತೆ ಎರಡು ರೂಪಗಳಲ್ಲಿದೆ. ಕೊಬ್ಬಿನಲ್ಲಿ ಎರಡೂ ಒಂದೇ ಸಮ ಕರಗುತ್ತವೆ. ಆದರೂ ಒಂದರ ಬಲ ಇನ್ನೊಂದರ ಹತ್ತು ಪಟ್ಟಿಗೂ ಹೆಚ್ಚು. ಎಡಗಾಲು ಬಲಗಾಲು ನೋಡುವುದು ಚಪ್ಪಲಿ, ಗೋಣಿಚೀಲವಲ್ಲ.

ಕೊನೆಯ ಏಟು ಕೊಟ್ಟದ್ದು ಮಿಂಚುಹುಳ. ಅದರ ಬೆಳಕಿಗೆ ಕಾರಣವಾದ ಲೂಸಿಫರೇಸ್ ಎಂಬ ಕಿಣ್ವವನ್ನು ಲಂಡನ್ನಿನ ನಿಕ್ ಫ್ರಾಂಕ್ಸ್ ಮತ್ತು ಬಿಲ್ ಲೀಬ್ ಕೊಬ್ಬಿನ ಸೋಂಕೂ ಇಲ್ಲದಂತೆ ಶುದ್ಧ ಮಾಡಿ ಅರಿವಳಿಕೆ ಮದ್ದುಗಳಿಗೆ ಒಡ್ಡಿದರು. ಪ್ರಾಣಿಗಳನ್ನು ಮಲಗಿಸುವ ಪ್ರಮಾಣಕ್ಕೇ ಬೆಳಕು ಮಂಕಾಯಿತು, ಮೇಯರ್-ಓವರ್ಟನ್ ಲೆಕ್ಕಕ್ಕೆ ತಾಳೆಯಾಗುವಂತೆಯೇ ಮಂಕಾಯಿತು. ಅದು 1984. ಪ್ರೋಟೀನಿನೊಳಗೂ ಎಣ್ಣೆಯಂಥ, ನೀರೊಲ್ಲದ ಸಂದುಗಳಿವೆ. ಆ ಲೆಕ್ಕ ಅಳೆಯುತ್ತಿದ್ದದ್ದು ಅವನ್ನೂ ಆಗಿರಬಹುದು.

ಪ್ರಶ್ನೆ: ಪ್ರೊಪೊಫಾಲ್, ಕೆಟಮಿನ್, ಸೆವೊಫ್ಲೂರೇನ್, ಕೊನೆಗೆ ಜಡ ಅನಿಲವಾದ ಕ್ಸೆನಾನ್. ರಚನೆಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ. ಎಲ್ಲವೂ ಒಂದೇ ಗ್ರಾಹಕಕ್ಕೆ ಹೇಗೆ ಹೊಂದುತ್ತವೆ?
— ರಸಾಯನಶಾಸ್ತ್ರ ಉಪನ್ಯಾಸಕರು, ಧಾರವಾಡ

ಉತ್ತರ: ಹೊಂದುವುದಿಲ್ಲ. ಒಂದೇ ಗ್ರಾಹಕ ಎಂಬ ಊಹೆಯನ್ನೇ ಬಿಡಬೇಕು. ಹಿಂದಿನ ಪ್ರಶ್ನೆಯ ತೂಬುಗಳ ಹೋಲಿಕೆಯಲ್ಲೇ ಹೇಳುವುದಾದರೆ, ಮೂರು ಬಗೆಯ ತೂಬುಗಳು ಮುಖ್ಯ.

ಮೊದಲನೆಯದು ಗಾಬಾ-ಎ ಗ್ರಾಹಕ. ಐದು ಪ್ರೋಟೀನ್ ತುಂಡುಗಳು ಪೀಪಾಯಿಯ ಹಲಗೆಗಳಂತೆ ನಿಂತು ನಡುವೆ ಒಂದು ಓಣಿ ಬಿಟ್ಟಿರುತ್ತವೆ. ನರಕೋಶವನ್ನು ಸುಮ್ಮನಾಗಿಸುವ ರಾಸಾಯನಿಕ ದೂತ ಗಾಬಾ ಬಂದು ಕೂತರೆ ಓಣಿ ತೆರೆದು ಕ್ಲೋರೈಡ್ ಒಳಬರುತ್ತದೆ, ಕೋಶ ಮಿಡಿತದ ಹೊಸ್ತಿಲಿನಿಂದ ದೂರ ಸರಿಯುತ್ತದೆ. ಪ್ರೊಪೊಫಾಲ್, ಎಟೊಮಿಡೇಟ್, ಥಯೊಪೆಂಟಾಲ್, ಸೆವೊಫ್ಲೂರೇನ್ ಗಾಬಾದ ಜಾಗವನ್ನು ಕಸಿಯುವುದಿಲ್ಲ. ಹಲಗೆಗಳು ಪೊರೆಯನ್ನು ದಾಟುವ ಭಾಗದಲ್ಲಿರುವ ಸಂದಿಯಲ್ಲಿ ಸೇರಿಕೊಂಡು, ತೆರೆದ ಬಾಗಿಲು ಬೇಗ ಮುಚ್ಚದಂತೆ ಹಿಡಿಯುತ್ತವೆ. ಒಂದೊಂದು ತಡೆಸಂಕೇತದ ಅವಧಿ ಎರಡು-ಮೂರು ಪಟ್ಟು ಹಿಗ್ಗುತ್ತದೆ. ಪ್ರಮಾಣ ಏರಿಸಿದರೆ ಪ್ರೊಪೊಫಾಲ್ ಗಾಬಾ ಇಲ್ಲದೆಯೂ ಬಾಗಿಲು ತೆಗೆಯಬಲ್ಲದು. ಇದಕ್ಕೆ ಬಲವಾದ ಸಾಕ್ಷ್ಯ ಸಿಕ್ಕಿದ್ದು 2003ರಲ್ಲಿ. ಗಾಬಾ-ಎ ಗ್ರಾಹಕದ ಬೀಟಾ-3 ತುಂಡಿನಲ್ಲಿ 265ನೇ ಸ್ಥಾನದ ಒಂದೇ ಒಂದು ಅಮೈನೋ ಆಮ್ಲವನ್ನು, ಆಸ್ಪರಜಿನ್ ತೆಗೆದು ಮೀಥಿಯೋನಿನ್ ಇಟ್ಟು, ಬದಲಿಸಿದ ಇಲಿಗಳಿಗೆ ಪ್ರೊಪೊಫಾಲ್ ಮತ್ತು ಎಟೊಮಿಡೇಟ್ ಕೊಟ್ಟರೂ ಕಾಲು ಚಿವುಟಿದಾಗ ಎಳೆದುಕೊಳ್ಳುತ್ತಿದ್ದವು.

ಎರಡನೆಯದು ಪೊಟ್ಯಾಸಿಯಂ ಸೋರುವ ತೂಬುಗಳು, ಟ್ರೆಕ್ ಮತ್ತು ಟಾಸ್ಕ್ ಎಂಬ ಹೆಸರಿನವು. ಆವಿಯಾಗುವ ಮದ್ದುಗಳು ಇವನ್ನು ಇನ್ನಷ್ಟು ತೆರೆಯುತ್ತವೆ. ಪೊಟ್ಯಾಸಿಯಂ ಹೊರಹರಿದು ಕೋಶದ ಒಳಭಾಗ ಮತ್ತಷ್ಟು ಋಣವಾಗಿ ಮಿಡಿತ ಹುಟ್ಟುವುದೇ ಕಷ್ಟವಾಗುತ್ತದೆ. ಟ್ರೆಕ್-1 ಇಲ್ಲದಂತೆ ಬೆಳೆಸಿದ ಇಲಿಗಳನ್ನು ಮಲಗಿಸಲು ಹೆಚ್ಚು ಹ್ಯಾಲೋಥೇನ್ ಬೇಕಾಯಿತು.

ಮೂರನೆಯದು ಎನ್‌ಎಂಡಿಎ ಗ್ರಾಹಕ, ಕೋಶವನ್ನು ಕೆರಳಿಸುವ ತೂಬು. ಕೆಟಮಿನ್ ಇದರ ಓಣಿ ತೆರೆದಾಗ ಒಳಹೊಕ್ಕು ಬಿರಡೆಯಂತೆ ಕೂರುತ್ತದೆ. ಗಾಬಾದ ತಂಟೆಗೆ ಅದು ಹೋಗುವುದೇ ಕಡಿಮೆ. ಅದಕ್ಕೇ ಕೆಟಮಿನ್ ಪಡೆದವರು ನಿದ್ದೆ ಹೋದವರಂತೆ ಕಾಣುವುದಿಲ್ಲ: ಕಣ್ಣು ತೆರೆದೇ ಇರುತ್ತದೆ, ಗುಡ್ಡೆ ಅತ್ತಿತ್ತ ಹೊಯ್ದಾಡುತ್ತದೆ, ರಕ್ತದೊತ್ತಡ ಏರುತ್ತದೆ. ನಗೆ ಅನಿಲವೂ ಕ್ಸೆನಾನೂ ಇದೇ ಬಣದವು. ಕ್ಸೆನಾನ್ ಯಾರೊಡನೆಯೂ ರಾಸಾಯನಿಕ ಬಂಧ ಕಟ್ಟಬೇಕಿಲ್ಲ. ಅದರ ದೊಡ್ಡ ಎಲೆಕ್ಟ್ರಾನ್ ಮೋಡ ಸುಲಭವಾಗಿ ಓರೆಯಾಗುತ್ತದೆ, ಆ ಸಣ್ಣ ಸೆಳೆತದಿಂದಲೇ ಪ್ರೋಟೀನಿನ ಟೊಳ್ಳುಗಳಲ್ಲಿ ನಿಲ್ಲುತ್ತದೆ. 1951ರಲ್ಲೇ ಅಮೆರಿಕದಲ್ಲಿ ಕಲ್ಲೆನ್ ಮತ್ತು ಗ್ರಾಸ್ ಇದನ್ನು ಮನುಷ್ಯರ ಮೇಲೆ ಬಳಸಿದ್ದರು. ಬೆಲೆಯೇ ಅದನ್ನು ಮೂಲೆಗೆ ತಳ್ಳಿತು.

ಇನ್ನೊಂದು ಸಂಗತಿ ಪುಸ್ತಕಗಳಲ್ಲಿ ಹಾರಿಹೋಗುತ್ತದೆ. ಪ್ರೊಪೊಫಾಲ್ ರಕ್ತದಲ್ಲಿ ಪ್ರೋಟೀನಿಗೆ ಅಂಟದೆ ಬಿಡಿಯಾಗಿ ಒಂದು ಮೈಕ್ರೋಮೋಲಾರ್‌ನಷ್ಟು ಇದ್ದರೂ ಸಾಕು. ಐಸೊಫ್ಲೂರೇನ್, ಹ್ಯಾಲೋಥೇನ್‌ಗಳು ಅದರ ನೂರಾರು ಪಟ್ಟು, 0.2-0.3 ಮಿಲಿಮೋಲಾರ್ ಬೇಕು. ಅಷ್ಟು ದಟ್ಟವಾಗಿ ಸುರಿದ ಮದ್ದು ಒಂದೇ ತೂಬಿಗೆ ನಿಷ್ಠವಾಗಿರುತ್ತದೆಂದು ನಿರೀಕ್ಷಿಸುವುದೇ ತಪ್ಪು. ಅದು ಸಿಕ್ಕಸಿಕ್ಕ ಸಂದಿಗೆಲ್ಲ ನುಗ್ಗುತ್ತದೆ: ನರತುದಿಯ ಸೋಡಿಯಂ ಚಾನೆಲ್‌ಗಳನ್ನು ಕುಗ್ಗಿಸಿ ರಾಸಾಯನಿಕ ದೂತರ ಬಿಡುಗಡೆಯನ್ನು ಕಡಿಮೆ ಮಾಡುತ್ತದೆ, ಬೆನ್ನುಹುರಿಯ ಗ್ಲೈಸಿನ್ ಗ್ರಾಹಕವನ್ನು ಉಬ್ಬಿಸುತ್ತದೆ. ನರತಂತುವಿನುದ್ದಕ್ಕೂ ಮಿಡಿತ ಓಡುವುದು ಮಾತ್ರ ಬಹುಮಟ್ಟಿಗೆ ನಡೆದೇ ಇರುತ್ತದೆ. ಏಟು ಬೀಳುವುದು ಒಂದು ಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ನರಸಂಧಿಯಲ್ಲಿ.

ಹಾಗಾದರೆ ಕೊಬ್ಬು ಪೂರ್ತಿ ಸೋತಿತೇ? ಅಲ್ಲೊಂದು ತಿರುವಿದೆ. ಪೊರೆಯ ಕೊಬ್ಬು ಎಲ್ಲೆಡೆ ಒಂದೇ ಸಮನಿಲ್ಲ, ಕೊಲೆಸ್ಟರಾಲ್ ಹೆಚ್ಚಿರುವ ಗಟ್ಟಿ ತೇಪೆಗಳು ಅಲ್ಲಲ್ಲಿವೆ. ಕ್ಲೋರೋಫಾರ್ಮ್, ಐಸೊಫ್ಲೂರೇನ್ ಈ ತೇಪೆಗಳನ್ನು ಕದಡಿದಾಗ ಅಲ್ಲಿ ಕಟ್ಟುಬಿದ್ದಿದ್ದ ಪಿಎಲ್‌ಡಿ-2 ಎಂಬ ಕಿಣ್ವ ಬಿಡಿಸಿಕೊಂಡು ಹೋಗಿ ಟ್ರೆಕ್-1 ತೂಬನ್ನು ತೆರೆಸುತ್ತದೆ ಎಂದು ಫ್ಲಾರಿಡಾದ ಸ್ಕ್ರಿಪ್ಸ್ ಸಂಶೋಧಕರು 2020ರಲ್ಲಿ ತೋರಿಸಿದರು. ಏರಿ ಅಲುಗಿದ್ದರಿಂದಲೇ ತೂಬು ತೆರೆಯಿತು ಎಂದಾಯಿತು. ಎಲ್ಲ ಮದ್ದುಗಳ ಕತೆಯೂ ಇದೇ ಎಂದು ಇದರಿಂದ ಹಾರಿ ಹೇಳುವುದು ಬೇಡ. ಕೆಟಮಿನ್‌ಗಂತೂ ಈ ಸುತ್ತುದಾರಿಯ ಅಗತ್ಯವೇ ಇಲ್ಲ.

ಪ್ರಶ್ನೆ: ಆಪರೇಷನ್ ನಡೆಯುವಾಗ ನನ್ನ ಕೈ ಒಮ್ಮೆ ಅಲುಗಿತಂತೆ. ಅಂದರೆ ನನಗೆ ಎಚ್ಚರವಿತ್ತೇ? ನೆನಪೇನೂ ಇಲ್ಲ.
— ಓದುಗರೊಬ್ಬರು, ಮೈಸೂರು

ಉತ್ತರ: ಇದ್ದಿರಲಾರದು. ಚರ್ಮ ಕೊಯ್ದಾಗ ಕೈ ಎಳೆದುಕೊಳ್ಳುವುದು ಬೆನ್ನುಹುರಿಯ ಕೆಲಸ, ಮಿದುಳಿನ ಅಪ್ಪಣೆ ಅದಕ್ಕೆ ಬೇಡ. 1993ರ ಸುಮಾರಿಗೆ ಆಡುಗಳಲ್ಲಿ ಮಿದುಳಿನ ರಕ್ತಸಂಚಾರವನ್ನು ಬೇರ್ಪಡಿಸಿ ಐಸೊಫ್ಲೂರೇನನ್ನು ಮಿದುಳಿಗೆ ಮಾತ್ರ ಕೊಟ್ಟು ನೋಡಿದರು. ಇಡೀ ಮೈಗೆ ಕೊಟ್ಟಾಗ ಶೇ 1.2ರಲ್ಲಿ ನಿಲ್ಲುತ್ತಿದ್ದ ಚಲನೆ ಈಗ ನಿಲ್ಲಲು ಶೇ 2.9 ಬೇಕಾಯಿತು. ಪ್ರಜ್ಞೆ ಹೋಗಲು ಮ್ಯಾಕ್‌ನ ಮೂರನೇ ಒಂದು ಪಾಲು ಸಾಕು, ಚಲನೆ ನಿಲ್ಲಲು ಪೂರ್ತಿ ಬೇಕು. ನಿಮ್ಮ ಕೈ ಅಲುಗಿದಾಗ ನೀವು ಇವೆರಡರ ನಡುವೆ ಎಲ್ಲೋ ಇದ್ದಿರಿ.

ಹೆದರಬೇಕಾದದ್ದು ಇದರ ತಿರುಗುಮುರುಗು ಸ್ಥಿತಿಗೆ. ಸ್ನಾಯು ಸಡಿಲಿಸುವ ಮದ್ದು ಕೆಲಸ ಮಾಡುವುದು ನರ ಮತ್ತು ಸ್ನಾಯು ಕೂಡುವಲ್ಲಿ, ಮಿದುಳಿಗೆ ಅದು ಹೋಗುವುದಿಲ್ಲ. ಆವಿಯಂತ್ರದಲ್ಲಿ ಮದ್ದು ಮುಗಿದಿದ್ದರೆ, ಪ್ರೊಪೊಫಾಲ್ ಪಂಪಿನ ನಳಿಗೆ ಕಳಚಿದ್ದರೆ, ಅಥವಾ ಸೂಜಿ ರಕ್ತನಾಳದಿಂದ ಜಾರಿ ಮದ್ದು ಬಟ್ಟೆಯಡಿ ಚರ್ಮದೊಳಗೆ ಸೋರುತ್ತಿದ್ದರೆ, ರೋಗಿ ಎಚ್ಚರಾಗಿದ್ದೂ ಬೆರಳೆತ್ತಲಾರ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಇಂಥ ದೂರುಗಳನ್ನು ಕಲೆಹಾಕಿ 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸ್ನಾಯು ಸಡಿಲಿಸುವ ಮದ್ದು ಬಳಸಿದಾಗ ಸುಮಾರು 8,000ಕ್ಕೆ ಒಂದು, ಬಳಸದಿದ್ದಾಗ 1,36,000ಕ್ಕೆ ಒಂದು. ಅನಿಲ ಕೊಡುವಾಗ ಉಸಿರಿನ ಕೊನೆಯ ಗಾಳಿಯಲ್ಲಿ ಮದ್ದೆಷ್ಟಿದೆ ಎಂದು ಯಂತ್ರ ಅಳೆದು ತೋರಿಸುತ್ತದೆ, 0.7 ಮ್ಯಾಕ್‌ಗಿಂತ ಇಳಿದರೆ ಕೂಗುವಂತೆ ಇಟ್ಟುಕೊಳ್ಳಬಹುದು. ರಕ್ತನಾಳದಲ್ಲೇ ಎಲ್ಲ ಕೊಡುವಾಗ ಆ ಅನುಕೂಲವಿಲ್ಲ. ಹಣೆಗೆ ಪಟ್ಟಿ ಅಂಟಿಸಿ ಮಿದುಳಿನ ತರಂಗ ನೋಡುವುದು, ಸೂಜಿಯ ಜಾಗ ಕಣ್ಣಿಗೆ ಕಾಣುವಂತಿಡುವುದು ಅದಕ್ಕೇ. ವಯಸ್ಸೂ ಲೆಕ್ಕಕ್ಕೆ ಬರುತ್ತದೆ: 40 ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ 6ರಂತೆ ಮ್ಯಾಕ್ ಇಳಿಯುತ್ತದೆ. 80ರ ಅಜ್ಜನಿಗೆ 40ರ ಮಗನಿಗಿಂತ ಕಾಲುಭಾಗದಷ್ಟು ಕಡಿಮೆ ಸಾಕು.

ಪ್ರಶ್ನೆ: ಕೀವಾದ ದವಡೆ ಹಲ್ಲಿಗೆ ಮೂರು ಸಲ ಇಂಜೆಕ್ಷನ್ ಕೊಟ್ಟರೂ ಮರಗಟ್ಟಲಿಲ್ಲ. ಮದ್ದು ಹಳೆಯದಾಗಿತ್ತೇ?
— ಗೃಹಿಣಿ, ತಿಪಟೂರು

ಉತ್ತರ: ಮದ್ದನ್ನು ದೂರಬೇಡಿ, ಕೀವಿನ ಹುಳಿಯನ್ನು ದೂರಿ. ಇದು ಮೇಲೆ ಹೇಳಿದ ಸಾರ್ವತ್ರಿಕ ಅರಿವಳಿಕೆಯಲ್ಲ, ಒಂದೇ ಜಾಗ ಮರಗಟ್ಟಿಸುವಂಥದ್ದು. ಇಲ್ಲಿ ತೂಬು ಯಾವುದೆಂಬ ಗೊಂದಲವಿಲ್ಲ: ಸೋಡಿಯಂ ಚಾನೆಲ್. ಆದರೆ ಮರಗಟ್ಟಿಸುವ ಮದ್ದಾದ ಲಿಗ್ನೊಕೇನ್ ಅದನ್ನು ಮುಚ್ಚುವುದು ಕೋಶದ ಒಳಗಿನಿಂದ. ಅಂದರೆ ಮೊದಲು ಪೊರೆಯ ಕೊಬ್ಬನ್ನು ದಾಟಿ ಒಳಸೇರಬೇಕು, ವಿದ್ಯುದಂಶವಿಲ್ಲದ ಅಣುಗಳಷ್ಟೇ ಹಾಗೆ ದಾಟಬಲ್ಲವು. ಲಿಗ್ನೊಕೇನಿನ ಪಿಕೆಎ, ಅಂದರೆ ಅರ್ಧದಷ್ಟು ಅಣುಗಳು ವಿದ್ಯುದಂಶವಿಲ್ಲದೆ ಇರುವ ಪಿಎಚ್, 7.9 (ಪಿಎಚ್ ಇಳಿದಷ್ಟೂ ಹುಳಿ ಹೆಚ್ಚು). ಆರೋಗ್ಯವಂತ ಅಂಗಾಂಶದಲ್ಲಿ ಪಿಎಚ್ 7.4 ಇರುವಾಗ ಸುಮಾರು ಶೇ 24ರಷ್ಟು ಅಣುಗಳು ದಾಟುವ ರೂಪದಲ್ಲಿರುತ್ತವೆ. ಕೀವು ತುಂಬಿ ಪಿಎಚ್ 6.9ಕ್ಕೆ ಇಳಿದರೆ ಶೇ 9 ಮಾತ್ರ. ಸಾಲದ್ದಕ್ಕೆ ಊದಿದ ಜಾಗದಲ್ಲಿ ರಕ್ತ ಹೆಚ್ಚು ಹರಿದು ಮದ್ದನ್ನು ತೊಳೆದುಕೊಂಡು ಹೋಗುತ್ತದೆ, ನೋವಿನ ನರಗಳೂ ಕೆರಳಿರುತ್ತವೆ.

ಅದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚುವುದರಿಂದ ಹೆಚ್ಚು ಉಪಯೋಗವಿಲ್ಲ. ಕೆಳದವಡೆಯಾದರೆ ಕೀವಿನಿಂದ ದೂರ, ನರ ದವಡೆಯೊಳಗೆ ಹೊಗುವ ಮುನ್ನವೇ ತಡೆಯುತ್ತಾರೆ. ಇಲ್ಲವೇ ಮೊದಲು ಕೀವು ಹೊರಬಿಟ್ಟು ಊತ ಇಳಿಸಿ ಆಮೇಲೆ ಹಲ್ಲಿಗೆ ಕೈಹಾಕುತ್ತಾರೆ. ಒಟ್ಟು ಮದ್ದಿಗೂ ಮಿತಿಯಿದೆ: ಅಡ್ರಿನಲಿನ್ ಬೆರೆಸಿದ ಲಿಗ್ನೊಕೇನ್ ಕಿಲೋಗೆ 7 ಮಿಲಿಗ್ರಾಂ ಮೀರಬಾರದು. ಶೇ 2ರ ದ್ರಾವಣದಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂ ಇರುತ್ತದೆ, ಹಾಗಾಗಿ 50 ಕಿಲೋ ತೂಕದವರಿಗೆ ಗರಿಷ್ಠ 17 ಮಿಲಿಲೀಟರ್. ಮೀರಿದರೆ ತುಟಿ ಜುಮ್ಮೆನ್ನುವುದು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಶಬ್ದ, ಮುಂದಿನದು ಫಿಟ್ಸ್. ಈ ಲಕ್ಷಣಗಳಲ್ಲಿ ಒಂದು ಕಂಡರೂ ಕೂಡಲೇ ಬಾಯಿಬಿಟ್ಟು ಹೇಳಿ.

ಪ್ರಶ್ನೆ: ಆಪರೇಷನ್ ಮುಂಚೆ ಕೊಡುವ ಹಾಲಿನಂಥ ಬಿಳಿ ಇಂಜೆಕ್ಷನ್ನಿನಲ್ಲಿ ಮೊಟ್ಟೆ ಇದೆಯಂತೆ, ನಿಜವೇ? ಅದು ಹತ್ತೇ ನಿಮಿಷಕ್ಕೆ ಇಳಿಯುವುದಾದರೆ ಎರಡು ಗಂಟೆಯ ಆಪರೇಷನ್ ಹೇಗೆ ನಡೆಯುತ್ತದೆ?
— ನಿವೃತ್ತ ಬ್ಯಾಂಕ್ ನೌಕರರು, ಉಡುಪಿ

ಉತ್ತರ: ನಿಜ. ಆ ಬಿಳಿ ಇಂಜೆಕ್ಷನ್ನೇ ಪ್ರೊಪೊಫಾಲ್. ಅದು ಸ್ವತಃ ಎಣ್ಣೆಯಂಥ ದ್ರವ, ನೀರಿನಲ್ಲಿ ಕರಗದು. ಆದ್ದರಿಂದ ಶೇ 10 ಸೋಯಾ ಎಣ್ಣೆ, ಶೇ 1.2 ಮೊಟ್ಟೆಯ ಲೆಸಿಥಿನ್, ಶೇ 2.25 ಗ್ಲಿಸರಾಲ್ ಸೇರಿಸಿ ಕಡೆದು ಎಮಲ್ಷನ್ ಮಾಡುತ್ತಾರೆ. ಹಾಲಿನ ಬಣ್ಣ ಬರುವುದು ಹಾಗೆ. ಲೆಸಿಥಿನ್ ಬರುವುದು ಹಳದಿ ಲೋಳೆಯಿಂದ. ಮೊಟ್ಟೆಯ ಅಲರ್ಜಿ ಸಾಮಾನ್ಯವಾಗಿ ಬಿಳಿ ಭಾಗದ ಪ್ರೋಟೀನಿಗೆ, ಆದ್ದರಿಂದ ಅಂಥವರಲ್ಲಿ ಹೆಚ್ಚಿನವರಿಗೆ ಇದು ಒಗ್ಗುತ್ತದೆ. ಆದರೂ ಮೊಟ್ಟೆ ತಿಂದು ಉಸಿರುಗಟ್ಟುವಂಥ ತೊಂದರೆ ಆಗಿದ್ದರೆ ಮೊದಲೇ ಹೇಳಿ. ಆಚಾರದ ಕಾರಣಕ್ಕೆ ಬೇಡವೆನ್ನುವವರೂ ಹೇಳಬಹುದು, ಬೇರೆ ಮದ್ದುಗಳಿವೆ. ಎಣ್ಣೆ-ಲೆಸಿಥಿನ್ ಮಿಶ್ರಣ ಸೂಕ್ಷ್ಮಜೀವಿಗಳಿಗೂ ಒಳ್ಳೆಯ ಊಟ, ಅದಕ್ಕೇ ಒಬ್ಬರಿಗೆ ಒಡೆದ ಸೀಸೆಯಲ್ಲಿ ಉಳಿದದ್ದನ್ನು ಇನ್ನೊಬ್ಬರಿಗೆ ಕೊಡಕೂಡದು.

ಇನ್ನು ಹತ್ತು ನಿಮಿಷದ ವಿಚಾರ. 60 ಕಿಲೋದ ವಯಸ್ಕರಿಗೆ ಕಿಲೋಗೆ 2 ಮಿಲಿಗ್ರಾಂನಂತೆ 120 ಮಿಲಿಗ್ರಾಂ, ಅಂದರೆ ಶೇ 1ರ ದ್ರಾವಣ 12 ಮಿಲಿಲೀಟರ್. ಮಿದುಳು ಮೈತೂಕದ ಶೇ 2 ಮಾತ್ರ, ಆದರೆ ಹೃದಯ ತಳ್ಳುವ ರಕ್ತದಲ್ಲಿ ಏಳನೇ ಒಂದು ಪಾಲು ಅದಕ್ಕೇ ಹೋಗುತ್ತದೆ. ಕೊಬ್ಬಿನಲ್ಲಿ ಕರಗುವ ಮದ್ದು ಅರ್ಧ-ಮುಕ್ಕಾಲು ನಿಮಿಷದಲ್ಲಿ ಅಲ್ಲಿ ತುಂಬಿಕೊಳ್ಳುತ್ತದೆ. ಆಮೇಲೆ ಅದೇ ರಕ್ತ ಮದ್ದನ್ನು ಸ್ನಾಯುಗಳಿಗೆ, ಮೈಕೊಬ್ಬಿಗೆ ಹಂಚುತ್ತ ಹೋದಂತೆ ಮಿದುಳಿನಲ್ಲಿ ಕೊರತೆ ಬಿದ್ದು ಎಚ್ಚರವಾಗುತ್ತದೆ. ಮದ್ದು ಮೈಯಿಂದ ಹೋಗಿರುವುದಿಲ್ಲ, ಜಾಗ ಬದಲಿಸಿರುತ್ತದೆ ಅಷ್ಟೆ. ಆದ್ದರಿಂದ ದೀರ್ಘ ಆಪರೇಷನ್ನಿಗೆ ಪಂಪಿನಲ್ಲಿ ಕಿಲೋಗೆ ಗಂಟೆಗೆ 4ರಿಂದ 12 ಮಿಲಿಗ್ರಾಂ ಹರಿಸುತ್ತಾರೆ, ಇಲ್ಲವೇ ಸೆವೊಫ್ಲೂರೇನ್‌ನಂಥ ಅನಿಲಕ್ಕೆ ಬದಲಾಯಿಸುತ್ತಾರೆ. ಥಯೊಪೆಂಟಾಲನ್ನು ಹೀಗೆ ಹರಿಸಿದರೆ ಕೊಬ್ಬಿನಲ್ಲಿ ಶೇಖರವಾಗಿ ರೋಗಿ ಮರುದಿನವೂ ಮಂಕಾಗಿರಬಹುದು. ಎದ್ದು ಕಾಫಿ ಕುಡಿದಿರೆಂದು ಅದೇ ದಿನ ಸ್ಕೂಟರ್ ಹತ್ತಬೇಡಿ, 24 ಗಂಟೆ ಕಳೆಯಲಿ.

ಪ್ರಶ್ನೆ: ನಮ್ಮ ಯಜಮಾನರು ದಿನಾ ಸಂಜೆ ಕುಡಿಯುತ್ತಾರೆ. ಮುಂದಿನ ವಾರ ಹರ್ನಿಯಾ ಆಪರೇಷನ್. ಡಾಕ್ಟರಿಗೆ ಹೇಳಬೇಡ, ಹಿಂದಿನ ದಿನದಿಂದ ಬಿಡುತ್ತೇನೆ ಅನ್ನುತ್ತಾರೆ. ಏನು ಮಾಡಲಿ?
— ಹೆಸರು ಬೇಡ, ಹಾಸನ

ಉತ್ತರ: ಹೇಳಿಬಿಡಿ. ಹಿಂದಿನ ದಿನ ಥಟ್ಟನೆ ಬಿಡುವುದೇ ಎಲ್ಲಕ್ಕಿಂತ ಕೆಟ್ಟ ಉಪಾಯ. ಮದ್ಯವೂ ಗಾಬಾ-ಎ ತೂಬನ್ನು ಉಬ್ಬಿಸಿ ಎನ್‌ಎಂಡಿಎ ತೂಬನ್ನು ಅದುಮುತ್ತದೆ. ವರ್ಷಗಟ್ಟಲೆ ಹೀಗಾದರೆ ನರಕೋಶ ತಾನೇ ಸರಿದೂಗಿಸಿಕೊಳ್ಳುತ್ತದೆ: ಗಾಬಾ ಗ್ರಾಹಕಗಳು ಮೊಂಡಾಗುತ್ತವೆ, ಎನ್‌ಎಂಡಿಎ ಗ್ರಾಹಕಗಳು ಹೆಚ್ಚುತ್ತವೆ. ಅಂಥವರಿಗೆ ಅರಿವಳಿಕೆ ಮದ್ದು ಹೆಚ್ಚು ಬೇಕು. ಕುಡಿತ ಥಟ್ಟನೆ ನಿಂತರೆ ಅದುಮುವ ಕೈ ಇಲ್ಲದೆ ಕೋಶಗಳು ಕೆರಳುತ್ತವೆ. 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು ಶುರುವಾಗಿ, ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, 2ರಿಂದ 4 ದಿನದಲ್ಲಿ ಇಲ್ಲದ್ದು ಕಾಣುವವರೆಗೂ ಹೋಗಬಹುದು. ಹೊಲಿಗೆ ಹಾಕಿದ ಹೊಟ್ಟೆ ಇಟ್ಟುಕೊಂಡು ಅದು ಆಗಬಾರದು.

ಹೇಳುವಾಗ ‘ಸ್ವಲ್ಪ’ ಎನ್ನಬೇಡಿ, ಅಳತೆ ಹೇಳಿ. ಶೇ 42.8ರ ವಿಸ್ಕಿಯ ಒಂದು ಕ್ವಾರ್ಟರಿನಲ್ಲಿ, ಅಂದರೆ 180 ಮಿಲಿಲೀಟರಿನಲ್ಲಿ, ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲ್ ಇದೆ. ನೈಂಟಿಯೋ ಕ್ವಾರ್ಟರೋ, ಎಷ್ಟು ವರ್ಷದಿಂದ, ಕೊನೆಯದು ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಇವಿಷ್ಟು ಸಾಕು. ಬಿಡಿಸುವುದಿದ್ದರೆ ಅವರೇ ಮಾತ್ರೆ ಮತ್ತು ಥಯಮಿನ್ ಕೊಟ್ಟು ಬಿಡಿಸುತ್ತಾರೆ. ಧೈರ್ಯಕ್ಕೆಂದು ಅಂದು ಬೆಳಿಗ್ಗೆ ಒಂದು ಗುಟುಕು ಹಾಕಿಕೊಂಡು ಹೋಗುವವರೂ ಉಂಟು. ಆಗ ಮೊಂಡುತನದ ಜೊತೆಗೆ ಅಮಲೂ ಸೇರಿ ಪ್ರಮಾಣದ ಅಂದಾಜೇ ತಪ್ಪುತ್ತದೆ, ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಬೇರೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ನನಗೆ ಬಿ-12 ಕಡಿಮೆ ಇದೆ. ನಗೆ ಅನಿಲ ಕೊಡಬಾರದು ಎಂದು ಎಲ್ಲೋ ಕೇಳಿದೆ.
— ಶಿಕ್ಷಕಿ, ಶಿರಸಿ

ಉತ್ತರ: ಸರಿಯಾಗಿಯೇ ಕೇಳಿದ್ದೀರಿ. ಬಿ-12ರ ನಡುವೆ ಒಂದು ಕೋಬಾಲ್ಟ್ ಪರಮಾಣು ಕೂತಿದೆ. ನೈಟ್ರಸ್ ಆಕ್ಸೈಡ್ ಅದನ್ನು ಉತ್ಕರ್ಷಿಸಿ ಕೆಡಿಸುತ್ತದೆ. ಆಗ ಬಿ-12 ನಂಬಿಕೊಂಡ ಮೀಥಿಯೋನಿನ್ ಸಿಂಥೇಸ್ ಎಂಬ ಕಿಣ್ವ ನಿಂತುಹೋಗುತ್ತದೆ, ಹೊಸದಾಗಿ ತಯಾರಾಗಲು ಕೆಲವು ದಿನ ಬೇಕು. ನರತಂತುವಿಗೆ ಸುತ್ತಿದ ಮಯಲಿನ್ ಹೊದಿಕೆಯೂ ಪದರ ಪದರವಾದ ಕೋಶಪೊರೆಯೇ. ಅದರ ದುರಸ್ತಿಗೆ ಈ ಕಿಣ್ವ ಬೇಕು. ಶರೀರದಲ್ಲಿ ಸಾಕಷ್ಟು ದಾಸ್ತಾನು ಇದ್ದವರಿಗೆ ಒಂದು ಆಪರೇಷನ್ನಿನ ನಗೆ ಅನಿಲ ಲೆಕ್ಕಕ್ಕಿಲ್ಲ. ಮೊದಲೇ ಬರಿದಾದವರಲ್ಲಿ ಕೆಲವು ವಾರಗಳ ಬಳಿಕ ಪಾದ ಜುಮ್ಮೆನ್ನುವುದು, ಕತ್ತಲಲ್ಲಿ ಅಥವಾ ಕಣ್ಣು ಮುಚ್ಚಿ ಮುಖ ತೊಳೆಯುವಾಗ ತೂರಾಡುವುದು ಶುರುವಾಗಬಹುದು. ಬೆನ್ನುಹುರಿಯ ಹಿಂಭಾಗ ಸವೆಯುವ ಲಕ್ಷಣ ಅದು. ತಡಮಾಡಿದರೆ ಪೂರ್ತಿ ವಾಸಿಯಾಗದು.

ಬಿ-12 ಕೊರತೆಯ ರಿಪೋರ್ಟನ್ನು ಅರಿವಳಿಕೆ ತಜ್ಞರ ಕೈಗೆ ಕೊಡಿ. ಸಮಯವಿದ್ದರೆ ಮೊದಲು ಇಂಜೆಕ್ಷನ್ ಹಾಕಿಸಿಕೊಂಡು ಕೊರತೆ ತುಂಬಿಸಿಕೊಳ್ಳಿ. ಸಮಯವಿಲ್ಲದಿದ್ದರೂ ತೊಂದರೆಯಿಲ್ಲ, ನಗೆ ಅನಿಲವಿಲ್ಲದೆ ಗಾಳಿ-ಆಮ್ಲಜನಕದ ಜೊತೆ ಸೆವೊಫ್ಲೂರೇನ್ ಕೊಟ್ಟೇ ಕೆಲಸ ಮುಗಿಸಬಹುದು.

ಪ್ರಶ್ನೆ: ಕ್ಲೋರೋಫಾರ್ಮ್ ಬಗ್ಗೆ ನಿಜಾಮರು ಹೈದರಾಬಾದಿನಲ್ಲಿ ದೊಡ್ಡ ತನಿಖೆ ನಡೆಸಿದ್ದರೆಂದು ಹಿರಿಯರು ಹೇಳುತ್ತಾರೆ. ಏನದು? ಸಿನಿಮಾದಲ್ಲಿ ತೋರಿಸುವಂತೆ ಕರವಸ್ತ್ರ ಹಿಡಿದರೆ ಸಾಕೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮ್ಮ ಜಿಲ್ಲೆಯೂ ಆಗ ನಿಜಾಮರ ಸೀಮೆಯೇ. 1848ರ ಜನವರಿಯಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಕಾಲ್ಬೆರಳ ಉಗುರು ತೆಗೆಸಲು ಬಂದ 15 ವರ್ಷದ ಹ್ಯಾನಾ ಗ್ರೀನರ್ ಕ್ಲೋರೋಫಾರ್ಮ್ ಮೂಸಿದ ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ಕೊಲ್ಲುವುದು ಉಸಿರು ನಿಂತೋ, ಹೃದಯ ನಿಂತೋ ಎಂಬ ಜಗಳ ಅಂದಿನಿಂದ ನಡೆದೇ ಇತ್ತು. ಹೈದರಾಬಾದ್ ರೆಸಿಡೆನ್ಸಿಯ ಸರ್ಜನ್ ಎಡ್ವರ್ಡ್ ಲಾರಿ 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು ಆಯೋಗ ನಡೆಸಿದರು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಬರಲು ನಿಜಾಮರು 1,000 ಪೌಂಡ್ ಕೊಟ್ಟರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗಿಸಿ, ಮೊದಲು ನಿಲ್ಲುವುದು ಉಸಿರು, ಉಸಿರಾಟ ನೋಡಿಕೊಂಡರೆ ಹೃದಯಕ್ಕೆ ಭಯವಿಲ್ಲ ಎಂದು ತೀರ್ಮಾನಿಸಿದರು. ಭಾರತದ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎನಿಸಿದ ರೂಪಾಬಾಯಿ ಫರ್ದೂನ್‌ಜಿ ಇದೇ ಲಾರಿಯವರ ಗರಡಿಯಲ್ಲಿ ಪಳಗಿದವರು.

ಉಸಿರು ನೋಡಿಕೊಳ್ಳಿ ಎಂಬ ಪಾಠ ಒಳ್ಳೆಯದೇ, ಹೃದಯದ ವಿಷಯದಲ್ಲಿ ಮಾತ್ರ ಆಯೋಗ ಎಡವಿತು. 1911ರಲ್ಲಿ ಎ. ಜಿ. ಲೆವಿ ಬೆಕ್ಕುಗಳಲ್ಲಿ ತೋರಿಸಿದ್ದು ಇದು: ಕ್ಲೋರೋಫಾರ್ಮ್ ಹಗುರವಾಗಿ ಹತ್ತಿರುವಾಗ ಅಡ್ರಿನಲಿನ್ ಸೇರಿದರೆ ಹೃದಯದ ಕೆಳಕೋಣೆ ಬಡಿಯುವುದು ಬಿಟ್ಟು ಬರೀ ಅದುರತೊಡಗುತ್ತದೆ. ಆಳವಾಗಿ ಮಲಗಿದ ಪ್ರಾಣಿಗೆ ಹೀಗಾಗುವುದಿಲ್ಲ. ಹೆದರಿ ಒದ್ದಾಡುವ, ಅರ್ಧ ಎಚ್ಚರದ ರೋಗಿಯ ಮೈಯಲ್ಲಿ ಅಡ್ರಿನಲಿನ್ ತಾನಾಗಿಯೇ ಉಕ್ಕುತ್ತಿರುತ್ತದೆ. ಹ್ಯಾಲೋಥೇನ್‌ಗೂ ಈ ಚಾಳಿ ಸ್ವಲ್ಪ ಉಂಟು.

ಕರವಸ್ತ್ರದ ದೃಶ್ಯ ಶುದ್ಧ ಸುಳ್ಳು. ಪ್ರಜ್ಞೆ ಹೋಗಲು ಹಲವು ನಿಮಿಷ ಸತತವಾಗಿ ಉಸಿರಾಡಬೇಕು, ಅದಕ್ಕೂ ಮೊದಲು ಒದ್ದಾಟ, ಕೆಮ್ಮು, ವಾಂತಿ. ಪ್ರಜ್ಞೆ ಹೋದ ಮೇಲೆ ನಾಲಿಗೆ ಹಿಂದೆ ಬಿದ್ದು ಉಸಿರ ದಾರಿ ಮುಚ್ಚುತ್ತದೆ. ಗದ್ದ ಎತ್ತಿಹಿಡಿಯುವವರು ಇಲ್ಲದಿದ್ದರೆ ಸಿನಿಮಾದ ನಾಯಕಿ ಮುಂದಿನ ದೃಶ್ಯಕ್ಕೆ ಏಳುವುದಿಲ್ಲ.

ಪ್ರಶ್ನೆ: ಗಿಡಗಳಿಗೂ ಅರಿವಳಿಕೆ ಹತ್ತುತ್ತದೆಯೇ?
— ಎಂಟನೇ ತರಗತಿ, ಸಾಗರ

ಉತ್ತರ: ಹತ್ತುತ್ತದೆ. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1870ರ ದಶಕದಲ್ಲೇ ಮುಟ್ಟಿದರೆ ಮುನಿ ಗಿಡವನ್ನು ಗಾಜಿನ ಗಂಟೆಯಡಿ ಈಥರ್ ಆವಿಯಲ್ಲಿಟ್ಟಿದ್ದರು. ಮುಟ್ಟಿದರೂ ಎಲೆ ಮಡಚಲಿಲ್ಲ, ಗಾಳಿಗೆ ತಂದ ಮೇಲೆ ಮತ್ತೆ ಮುನಿಯಿತು. ಗಿಡಕ್ಕೆ ನರವಿಲ್ಲ, ಆದರೆ ಅದರ ಕೋಶಗಳಿಗೂ ಪೊರೆಯಿದೆ, ತೂಬುಗಳಿವೆ. ಎಲೆ ಮುಟ್ಟಿದ ಸುದ್ದಿ ಬುಡಕ್ಕೆ ಹೋಗುವುದು ವಿದ್ಯುತ್ ಮಿಡಿತವಾಗಿಯೇ. ನೀನು ಈಥರ್ ಹುಡುಕಲು ಹೋಗಬೇಡ, ಅದರ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದು ದೂರದ ಬೆಂಕಿಗೂ ಹೊತ್ತಿಕೊಳ್ಳುತ್ತದೆ. ಗಿಡವನ್ನೇ ನೋಡಬೇಕೆಂದರೆ ಒಂದೇ ಎಲೆಯನ್ನು ನಿಮಿಷಕ್ಕೆ ಹತ್ತಾರು ಸಲ ಮೆತ್ತಗೆ ಮುಟ್ಟುತ್ತ ಹೋಗು. ಎಷ್ಟನೆಯ ಸಲಕ್ಕೆ ಅದು ಮುನಿಯುವುದನ್ನು ಬಿಡುತ್ತದೆ, ಎಷ್ಟು ಹೊತ್ತು ಬಿಟ್ಟರೆ ಮತ್ತೆ ಮುನಿಯುತ್ತದೆ ಎಂದು ಬರೆದಿಟ್ಟುಕೊಂಡು ನಮಗೂ ಕಳಿಸು.